ಮದುವೆ ಕ್ಯಾಮರಾ ಹಿಡಿದ ಗೋಲು

ಟಿವಿಯಲ್ಲಿ ಫುಟ್‌ಬಾಲ್ ರೆಫರಿಯೊಬ್ಬ ಎರಡೂ ತೋರುಬೆರಳುಗಳನ್ನು ಎತ್ತಿ ಗಾಳಿಯಲ್ಲಿ ದೊಡ್ಡದೊಂದು ಚೌಕ ಬರೆದ. ಸೋಫಾದಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದ ನಮ್ಮ ಅತ್ತೆ ತಲೆಯೆತ್ತಿ, "ಅದ್ಯಾಕೆ ಆ ಗಂಡಸು ನಿಂತ್ಕೊಂಡೇ ರಂಗೋಲಿ ಹಾಕ್ತಾ ಇದಾನೆ?" ಎಂದರು.

"ವಿಡಿಯೋ ನೋಡ್ತಾನಂತೆ ಅತ್ತೆ. ಗೋಲ್ ಆಯ್ತೋ ಇಲ್ವೋ ಅಂತ."

"ಅಲ್ಲೇ ಪಕ್ಕದಲ್ಲೇ ನಿಂತಿದ್ನಲ್ಲ, ನೋಡ್ಲಿಲ್ವಾ?"

"ನೋಡಿದ. ಆದ್ರೂ ಇನ್ನೊಂದ್ಸಲ ನೋಡ್ತಾನೆ."

"ಹಂಗಾದ್ರೆ ಮೊದಲನೇ ಸಲ ಏನ್ ಕಡಿದು ಕಟ್ಟೆ ಹಾಕ್ತಿದ್ದ?"

ಇದಕ್ಕೆ ಉತ್ತರ ಹೇಳಬೇಕಾದವರು, ಅಂದರೆ ಅತ್ತೆಯ ಮಗನೂ ಆದ ನನ್ನ ಗಂಡ, ಪಕ್ಕದ ಕುರ್ಚಿಯಲ್ಲೇ ಕೂತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಅವರೂ ರೆಫರಿಯೇ. ಅವರ ವಿಷಯ ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಟಿವಿಯಲ್ಲಿ ಗೋಲು ಹೊಡೆದ ಹುಡುಗನ ಸ್ಥಿತಿ ನೋಡಬೇಕಿತ್ತು. ಖುಷಿಯಲ್ಲಿ ಓಡಿ, ಮಂಡಿಯ ಮೇಲೆ ಜಾರಿ, ಅಂಗಿಯನ್ನು ಅರ್ಧ ಬಿಚ್ಚಿದ್ದ. ಈಗ ಆ ಅರ್ಧ ಅಂಗಿಯಲ್ಲೇ ಮೈದಾನದ ಮೂಲೆಯಲ್ಲಿ ನಿಂತು, ಎಲ್ಲೋ ದೂರದ ಕೋಣೆಯಲ್ಲಿ ಕೂತ ಯಾರೋ ಪುಣ್ಯಾತ್ಮರು 'ನೀನು ಸಂತೋಷಪಡಬಹುದು' ಎಂದು ಅಪ್ಪಣೆ ಕೊಡಲಿ ಎಂದು ಕಾಯುತ್ತಿದ್ದ. ನಗುವಿಗೂ ತಡೆಯಾಜ್ಞೆ! ಅತ್ತ ಆ ಕೋಣೆಯವರು ಪರದೆಯ ಮೇಲೆ ಕೆಂಪು ಗೆರೆ, ನೀಲಿ ಗೆರೆ ಎಳೆದು, ಬ್ಲೌಸ್ ಅಳತೆ ತೆಗೆಯುವ ಟೈಲರನ ಶ್ರದ್ಧೆಯಿಂದ ಅವನ ಭುಜ, ಮಂಡಿ, ಮೂಗು ಎಲ್ಲ ಅಳೆದು, ಕೊನೆಗೆ ಕಾಲ ಹೆಬ್ಬೆರಳಿನ ಉಗುರು ಎದುರಾಳಿಗಿಂತ ಮುಂದಿತ್ತು ಎಂದು ಗೋಲನ್ನೇ ರದ್ದು ಮಾಡಿದರು. ಅಷ್ಟು ಅಳೆದೂ ನಮ್ಮ ಟೈಲರ್ ಹೊಲಿದ ಬ್ಲೌಸು ಕಂಕುಳಲ್ಲಿ ಬಿಗಿಯಾಗುವಂತೆ, ಇವರ ತೀರ್ಪಿನ ಮೇಲೂ ಮರುದಿನವೆಲ್ಲ ಜಗಳವೇ. ಹಾಗಾದರೆ ಅಳೆದು ಬಂದ ಭಾಗ್ಯವೇನು?

ಫುಟ್‌ಬಾಲಿಗೆ ವಿಡಿಯೋ ಬೇಕೋ ಬೇಡವೋ ಎಂದು ದೊಡ್ಡವರು ಚರ್ಚೆ ಮಾಡಿಕೊಳ್ಳಲಿ. ಕ್ಯಾಮರಾ ಬಂದರೆ ಸತ್ಯ ಬಂತು ಎಂದು ನಂಬುವವರನ್ನು ಕಂಡರೆ ನನಗೆ ಕನಿಕರ, ಅಷ್ಟೆ. ಇಂಥ ಸತ್ಯದರ್ಶನ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಮ್ಮೆ ಆಗಿದೆ. ಕಾಂಪೌಂಡಿನ ದಾಸವಾಳ ಬೆಳಗಾಗುವುದರೊಳಗೆ ಖಾಲಿಯಾಗುತ್ತಿತ್ತು. ದೇವರಿಗೆ ಕದ್ದ ಹೂವೇ ಶ್ರೇಷ್ಠ ಎಂಬುದು ನಮ್ಮ ಕಡೆಯ ವಾಕಿಂಗ್ ಮಂಡಳಿಯ ಸಿದ್ಧಾಂತ. ಕಾರ್ಯದರ್ಶಿಗಳು ರೋಷಗೊಂಡು ಸಿಸಿ ಕ್ಯಾಮರಾ ಹಾಕಿಸಿದರು. ಭಾನುವಾರ ಎಲ್ಲರೂ ಸೇರಿ, ಕಾಫಿ ಬಿಸ್ಕತ್ತಿನ ಸಮೇತ, ಕಳ್ಳನನ್ನು ನೋಡಲು ಕೂತೆವು. ಕಳ್ಳ ಬಂದ. ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಡಿಸೆಂಬರಿನ ಬೆಂಗಳೂರಿನಲ್ಲಿ ಮಂಕಿ ಕ್ಯಾಪು ಹಾಕದ ಹಿರಿಯರು ಯಾರಿದ್ದಾರೆ? "ನಡಿಗೆ ನೋಡಿದ್ರೆ ಮೇಲ್ಗಡೆ ಮನೆ ರಾಯರ ಥರ ಇದೆ" ಎಂದರೊಬ್ಬರು. "ಕವರ್ ನೋಡಿದ್ರೆ ನಿಮ್ಮನೇದೇ ಇದ್ದಂಗಿದೆ" ಎಂದರು ರಾಯರ ಹೆಂಡತಿ. ಮೊದಲು ನಮ್ಮ ಹೂವು ಮಾತ್ರ ಹೋಗಿತ್ತು; ವಿಡಿಯೋ ನೋಡಿದ ಮೇಲೆ ಮಾತುಕತೆಯೂ ಹೋಯಿತು. ದಾಸವಾಳ ಈಗಲೂ ಹೋಗುತ್ತಿದೆ.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟದೆ ಬಿಟ್ಟ ಒಂದು ಸೈಟು. ಅದೇ ನಮ್ಮಣ್ಣನ ಗ್ಯಾಂಗಿನ ಫುಟ್‌ಬಾಲ್ ಮೈದಾನ. ಎರಡು ಕಡೆ ಹವಾಯಿ ಚಪ್ಪಲಿಯ ಗುಡ್ಡೆ ಇಟ್ಟರೆ ಗೋಲು ತಯಾರು. ಮೇಲಿನ ಅಡ್ಡಪಟ್ಟಿ ಮಾತ್ರ ಇರಲಿಲ್ಲ. ಅದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಹೊಡೆದವನ ಕಲ್ಪನೆಯಲ್ಲಿ ಅದು ಆಕಾಶದಲ್ಲಿರುತ್ತಿತ್ತು, ಗೋಲಿ ನಿಂತವನ ಕಲ್ಪನೆಯಲ್ಲಿ ಅವನ ಸೊಂಟದ ಮಟ್ಟಕ್ಕೆ. "ಗೋಲು!" "ಓವರ್ರು!" "ಅಮ್ಮನಾಣೆ ಗೋಲು!" "ನಿಮ್ಮಮ್ಮನಾಣೆ ಓವರ್ರು!" ಅಮ್ಮಂದಿರೆಲ್ಲ ಆಣೆಗೆ ಖರ್ಚಾದ ಮೇಲೆ ಸುಬ್ಬಿ ಎನ್ನುವ ಹುಡುಗ ತೀರ್ಪು ಕೊಡುತ್ತಿದ್ದ. ಅವನಿಗೆ ಆಟದ ನಿಯಮವೇನೂ ಗೊತ್ತಿರಲಿಲ್ಲ. ಚೆಂಡು ಅವನದಾಗಿತ್ತು. ತೀರ್ಪು ಒಪ್ಪದಿದ್ದರೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದುಬಿಡುತ್ತಿದ್ದ. ಇದು ಶುದ್ಧ ಅನ್ಯಾಯ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊತ್ತು ಮುಳುಗುತ್ತಿತ್ತು, ಆಟ ಮುಂದುವರಿಯಬೇಕಿತ್ತು.

ಮೊನ್ನೆ ಅಣ್ಣನ ಮಗಳ ಮದುವೆಗೆ ಸುಬ್ಬಿ ಬಂದಿದ್ದ. ತಲೆ ಪೂರ್ತಿ ಬೋಳು, ಶುಗರ್ ಇದ್ದರೂ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಪಂಕ್ತಿಯಲ್ಲಿ ವಿಚಾರಿಸಿಕೊಳ್ಳುತ್ತ ಬಂದ ನಮ್ಮಣ್ಣ, ಕನ್ಯಾದಾನ ಮಾಡಿ ಆಗಷ್ಟೇ ಕಣ್ಣೊರೆಸಿಕೊಂಡಿದ್ದವನು, ಅವನ ಮುಂದೆ ನಿಂತು ಕೇಳಿದ: "ಈಗಾದ್ರೂ ನಿಜ ಹೇಳೋ. ಆವತ್ತು ಅದು ಗೋಲ್ ತಾನೇ?"

ಸುಬ್ಬಿ ತಲೆ ಎತ್ತಲಿಲ್ಲ. "ಓವರ್ರು ಕಣೋ" ಎಂದು ಒಬ್ಬಟ್ಟು ಮುರಿದ.

ಇಬ್ಬರೂ ಪಂಕ್ತಿಯೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ಆ ಕಾಲದಲ್ಲಿ ವಿಡಿಯೋ ಇದ್ದಿದ್ದರೆ ಮದುವೆಮನೆಯಲ್ಲಿ ಅವರಿಬ್ಬರೂ ಶುಗರ್ ಲೆವೆಲ್ಲು ಮಾತಾಡಿಕೊಂಡು ಎದ್ದು ಹೋಗಬೇಕಿತ್ತು.

ಈಗ ನಮ್ಮೆಜಮಾನರ ವಿಷಯ. ಹೆಸರು ನಂಜುಂಡಯ್ಯ. ಹೈಸ್ಕೂಲಿನಲ್ಲಿ ಪಿಟಿ ಮೇಷ್ಟರಾಗಿದ್ದು ನಿವೃತ್ತರಾದವರು. ಕೆಂಗೇರಿಯಿಂದ ಲಗ್ಗೆರೆಯವರೆಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲಿ ಯಾವ ಕಪ್ಪು ನಡೆದರೂ ವಿಸಿಲ್ ಇವರದೇ. ಮ್ಯಾಚಿನ ದಿನ ಕಪ್ಪು ಅಂಗಿ, ಕಪ್ಪು ಚಡ್ಡಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಾರೆ. ಆ ಬಟ್ಟೆಯ ಮೇಲೆ ನನಗೆ ಅಧಿಕಾರವಿಲ್ಲ. ಮೈದಾನದಲ್ಲಿ ಅವರದು ಒಂದೇ ನೀತಿ: "ಊದಿದ ಮೇಲೆ ಊದ್ದೆ." ಕೊಟ್ಟ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ತೊಂದರೆ ಏನೆಂದರೆ ಮನೆಗೆ ಬಂದ ಮೇಲೂ ಅವರು ವಿಸಿಲನ್ನು ಮನಸ್ಸಿನಿಂದ ಕಳಚಿಡುವುದಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದರೆ ಕಮ್ಮಿಯೇ. ಉಪ್ಪಿನ ಡಬ್ಬ ತಂದು ಮುಂದಿಟ್ಟು, ಎರಡನೇ ಸಲ ರುಚಿ ನೋಡಿ ಎಂದು ಅಂಗಲಾಚಿದರೂ ತೀರ್ಪು ಬದಲಾಗದು. ಇಬ್ಬರೂ ಹೊರಗೆ ಹೊರಟರೆ ಸ್ಕೂಟರು ಅವರೇ ಓಡಿಸಬೇಕು. ನಾನು ದಿನಾ ಅದೇ ಸ್ಕೂಟರಿನಲ್ಲಿ ಸ್ಕೂಲಿಗೆ ಹೋಗಿ ಮಕ್ಕಳಿಗೆ ಕನ್ನಡ ಪಾಠ ಹೇಳಿ ಬರುತ್ತೇನೆ ಎಂಬುದು ಬೇರೆ ವಿಷಯ.

ಎರಡು ಕಣ್ಣಿಗೂ ಪೊರೆ ಬಂದು ಆಪರೇಶನ್ ಆದದ್ದು ಎರಡು ವರ್ಷದ ಹಿಂದೆ. ಆಗಿನಿಂದ ಶುರುವಾಯಿತು ಗುಸುಗುಸು. ಒಂದು ಮ್ಯಾಚಿನಲ್ಲಿ ಯಾವನೋ ಹುಡುಗ "ಅಂಕಲ್, ಕನ್ನಡಕ ಮನೇಲೇ ಬಿಟ್ಬಂದ್ರಾ?" ಎಂದು ಕೂಗಿದ. ಇವರು ಕೇಳಿಸಿಕೊಳ್ಳದವರಂತೆ ಓಡಿದರು. ನನಗೆ ಮಾತ್ರ ಚೆನ್ನಾಗಿಯೇ ಕೇಳಿಸಿತು. ಅಂದಿನಿಂದ ಬೀದಿಯಲ್ಲಿ ಯಾರು ಸಿಕ್ಕರೂ, ಕೇಳಿದರೂ ಕೇಳದಿದ್ದರೂ, "ಆಪರೇಶನ್ ಆದ್ಮೇಲೆ ನಮ್ಮನೆಯವರಿಗೆ ಹದ್ದಿನ ಕಣ್ಣು ಬಂದಿದೆ ರೀ" ಎಂದು ಹೇಳುವುದು ನನ್ನ ದಿನಚರಿಯಾಯಿತು.

ಹೀಗಿರುವಾಗ ಹೋದ ವರ್ಷ ಹರೀಶ ಮನೆಗೆ ಬಂದ. ಮೂಡಲಪಾಳ್ಯದ ಹಳೇ ಊರಿನವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವನ ಕಲ್ಯಾಣ ಮಂಟಪ ನಿಂತಿದೆ. ಪ್ರತಿ ವರ್ಷ ತಾತನ ಹೆಸರಿನಲ್ಲಿ ಫುಟ್‌ಬಾಲ್ ಕಪ್ಪು ನಡೆಸುತ್ತಾನೆ. ಆ ವರ್ಷ ವಿದೇಶಕ್ಕೆ ಹೋಗಿ ದೊಡ್ಡ ಮ್ಯಾಚೊಂದನ್ನು ಕಣ್ಣಾರೆ ನೋಡಿ ಬಂದಿದ್ದ. ಕಾಶಿಗೆ ಹೋಗಿ ಬಂದವರು ಏನಾದರೂ ಬಿಟ್ಟು ಬರುತ್ತಾರೆ. ಇವನು ಹಿಡಿದುಕೊಂಡು ಬಂದಿದ್ದ.

"ಸಾರ್, ಈ ಸಲ ನಮ್ ಕಪ್ಪಿಗೂ ವಿಡಿಯೋ ತರಿಸ್ತಾ ಇದೀನಿ. ಮೂರ್ ಕ್ಯಾಮರಾ, ದೊಡ್ಡ ಎಲ್‌ಇಡಿ ವಾಲು. ಡೌಟ್ ಬಂದ್ರೆ ನೀವ್ ಟೆಂಟಿಗೆ ಬಂದು ನೋಡೋದು, ಅಷ್ಟೆ. ನಿಮಗೆ ಟೆನ್ಷನ್ನೇ ಇರಲ್ಲ."

"ಅವರಿಗೆ ಡೌಟ್ ಬರಲ್ಲಪ್ಪ" ಎಂದೆ ನಾನು.

"ಅಯ್ಯೋ ಗೊತ್ತು ಆಂಟಿ. ಸಾರ್‌ಗಲ್ಲ, ಜನಕ್ಕೆ. ಜನ ಒಂಥರಾ ಮಾತಾಡ್ತಾರೆ ನೋಡಿ..." ಎಂದು ನಿಲ್ಲಿಸಿ, ಕಾಫಿ ಲೋಟದೊಳಗೆ ನೋಡತೊಡಗಿದ.

ಇವರು ಸಿಡಿದೇಳುತ್ತಾರೆ, ವಿಸಿಲನ್ನು ಅವನ ಮುಖಕ್ಕೆ ಎಸೆಯುತ್ತಾರೆ ಎಂದು ಕಾದೆ. ಇವರು "ಆಗ್ಲಿ, ನೋಡೋಣ" ಎಂದುಬಿಟ್ಟರು. ಅವನು ಹೋದ ಮೇಲೆ ನಾನು ಲೋಟ ತೊಳೆಯುವ ಸದ್ದು ಬೇಕೆಂದೇ ಜೋರಾಗಿತ್ತು. "ಕುರುಡ ಅಂತ ಮುಖದ ಮೇಲೆ ಹೇಳಿ ಹೋದ. ನೀವು ಆಗ್ಲಿ ಅಂದ್ರಿ" ಎಂದೆ.

ಹರೀಶ ಕ್ಯಾಮರಾದವರನ್ನು ಎಲ್ಲಿಂದ ತಂದ ಎಂದುಕೊಂಡಿರಿ? ತನ್ನ ಮಂಟಪದಿಂದಲೇ. ಮದುವೆ, ಆರತಕ್ಷತೆ, ಸೀಮಂತಗಳ ವಿಡಿಯೋ ತೆಗೆಯುವ ಹುಡುಗರು. ಫೈನಲ್ಲಿನ ದಿನ ಹೋಗಿ ನೋಡಿದರೆ ಮೈದಾನದ ಪಕ್ಕ ಶಾಮಿಯಾನ, ಅದರೊಳಗೆ ಮದುಮಕ್ಕಳು ಕೂರುವ ಕೆಂಪು ಸಿಂಹಾಸನ. ರೆಫರಿ ಕೂತು ನೋಡಲಿ ಎಂದು! ಒಂದು ಕ್ಯಾಮರಾ ಏತದಂಥ ಉದ್ದ ಕಂಬದ ತುದಿಯಲ್ಲಿ ಕೂತು ಜನರ ತಲೆಯ ಮೇಲೆ ತೇಲಾಡುತ್ತಿತ್ತು. ಅದರ ಕೆಳಗೆ ಬಂದವರೆಲ್ಲ ಅಭ್ಯಾಸಬಲದಿಂದ ಕೂದಲು ಸರಿಮಾಡಿಕೊಂಡು ನಗುತ್ತಿದ್ದರು.

ನನ್ನ ಪಕ್ಕದ ಕುರ್ಚಿಯಲ್ಲಿ ಭಾಗ್ಯ ಬಂದು ಕೂತಳು. ಹರೀಶನ ಅಕ್ಕ. ಅವಳ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು, ಹಾಗೆ ಪರಿಚಯ. ಮಗ ತೇಜಸ್ ಮೂಡಲಪಾಳ್ಯ ತಂಡದ ಗೋಲ್‌ಕೀಪರು. ರೇಷ್ಮೆ ಸೀರೆ, ಕಾಸಿನ ಸರ ಹಾಕಿಕೊಂಡು, ಗೆದ್ದರೆ ಹಂಚಲು ಮೈಸೂರ್ ಪಾಕಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಎದುರಾಳಿಗಳು ಲಗ್ಗೆರೆಯವರು. ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರು. ಶಿಫ್ಟ್ ಬದಲಾಯಿಸಿಕೊಂಡು ಬಂದವರು. ಅವರ ಕಡೆಯಿಂದ ಕೂಗಲು ಬಂದದ್ದು ಒಂದು ಟೆಂಪೋದಷ್ಟು ಜನ.

ಆಟ ಶುರುವಾಯಿತು ಎನ್ನುವಷ್ಟರಲ್ಲಿ ನಿಂತಿತು. ಚೆಂಡು ಗೆರೆ ದಾಟಿ ಹೋಗಿತ್ತು, ಯಾರ ಥ್ರೋ ಎಂದು ಸಣ್ಣ ತಕರಾರು. "ವಿಡಿಯೋ! ವಿಡಿಯೋ!" ಎಂದು ಜನ ಕೂಗಿದರು. ಇವರು ಟೆಂಟಿಗೆ ನಡೆದರು, ಸಿಂಹಾಸನದಲ್ಲಿ ಕೂರದೆ ನಿಂತೇ ನೋಡಿದರು, ತಿರುಗಿ ಬಂದು ಮೊದಲು ಹೇಳಿದ್ದನ್ನೇ ಹೇಳಿದರು. ಆಮೇಲೆ ಜನಕ್ಕೆ ರುಚಿ ಹತ್ತಿತು. ಯಾರು ಬಿದ್ದರೂ ವಿಡಿಯೋ, ಯಾರು ಎದ್ದರೂ ವಿಡಿಯೋ. ಆಟಗಾರರು ಹುಲ್ಲಿಲ್ಲದ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಶೂ ಲೇಸು ಬಿಚ್ಚಿ ಕಟ್ಟಿದರು. ಖಾಲಿ ಹೊತ್ತನ್ನು ತುಂಬಲು ಹರೀಶ ಡಿಜೆ ಇಟ್ಟಿದ್ದ. ಅವನು ಮದುವೆ ಮೆರವಣಿಗೆಯ ಹಾಡು ಹಾಕಿದ. ಚುರುಮುರಿಯವನೊಬ್ಬನೇ ಆ ದಿನ ವಿಡಿಯೋ ತಂತ್ರಜ್ಞಾನವನ್ನು ಮನಸಾರೆ ಹರಸಿದವನು.

"ಇದೇನಕ್ಕಾ, ಆಟಕ್ಕಿಂತ ಇಂಟರ್‌ವೆಲ್ಲೇ ಜಾಸ್ತಿ ಆಯ್ತು" ಎಂದಳು ಭಾಗ್ಯ.

"ನಿನ್ ತಮ್ಮ ಫಾರಿನ್ನಿಂದ ತಂದಿದ್ದು ಕಣಮ್ಮ. ಅನುಭವಿಸು" ಎಂದೆ.

ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಗೆ ಬಂತು. ಹೊತ್ತು ಇಳಿದು, ಬಿಸಿಲು ಮೈದಾನದ ಆ ತುದಿಯಿಂದ ಅಡ್ಡಡ್ಡ ಬೀಳುತ್ತಿತ್ತು. ಆಗ ಲಗ್ಗೆರೆಯ ಉದ್ದನೆಯ ಹುಡುಗನೊಬ್ಬ ದೂರದಿಂದ ಬೀಸಿ ಒದ್ದ. ಚೆಂಡು ತೇಜಸ್‌ನ ಕೈಮೀರಿ ಮೇಲಿನ ಅಡ್ಡಪಟ್ಟಿಗೆ ಠಣ್ಣೆಂದು ಬಡಿದು, ನೇರ ಕೆಳಗೆ ಬಿತ್ತು. ಗೆರೆಯ ಒಳಗೋ, ಹೊರಗೋ, ಮೇಲೋ? ಧೂಳೆದ್ದಿತು. ತೇಜಸ್ ಹಿಂದಕ್ಕೆ ಹಾರಿ ಚೆಂಡನ್ನು ಎದೆಗೆ ಅವಚಿಕೊಂಡ. ಲಗ್ಗೆರೆಯವರು ಕೈಯೆತ್ತಿದರು, ಮೂಡಲಪಾಳ್ಯದವರು ಕೈ ಅಲ್ಲಾಡಿಸಿದರು. ಗೆರೆಯ ಪಕ್ಕ ಬಾವುಟ ಹಿಡಿದು ನಿಂತಿದ್ದ ಸಹಾಯಕ ಬಾವುಟವನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ನಮ್ಮವರು ವಿಸಿಲ್ ಊದಿ ಮೈದಾನದ ಮಧ್ಯಕ್ಕೆ ಕೈ ತೋರಿಸಿದರು. ಗೋಲು.

ಅಬ್ಬಬ್ಬಾ, ಆಗ ಎದ್ದ ಗಲಾಟೆ! "ಕಣ್ ಕಾಣಲ್ವೇನ್ ಗುರು?" "ಹೋಗ್ಲೇ ಇಲ್ಲ ಮಗಾ, ಗೆರೆ ಮೇಲೇ ಇತ್ತು!" "ಮುದುಕನ್ನ ಮನೆಗ್ ಕಳ್ಸ್ರೋ!" ನಾನು ಎದ್ದು ನಿಂತು, ಕೂಗಿದವನು ಯಾರೆಂದು ಹುಡುಕಿದೆ. ಸಿಕ್ಕಿದ್ದರೆ ವ್ಯಾಕರಣಬದ್ಧವಾಗಿಯೇ ಬೈಯುತ್ತಿದ್ದೆ. ಅಷ್ಟರಲ್ಲಿ ಇಡೀ ಮೈದಾನ ಒಂದೇ ದನಿಯಲ್ಲಿ "ವಿಡಿಯೋ! ವಿಡಿಯೋ!" ಎನ್ನತೊಡಗಿತು. ಇವರು ನಿಧಾನಕ್ಕೆ ಟೆಂಟಿನತ್ತ ನಡೆದರು. ಇದಕ್ಕಾಗಿಯೇ ಕಾದಿದ್ದ ಹರೀಶ, ಎಲ್ಲರೂ ನೋಡಲೆಂದು ಆ ಚಿತ್ರಗಳನ್ನೆಲ್ಲ ಎಲ್‌ಇಡಿ ವಾಲಿಗೇ ಹಾಕಿಸಿದ.

ಮೊದಲನೇ ಕ್ಯಾಮರಾ, ಕಂಬದ್ದು. ಚೆಂಡು ಅಡ್ಡಪಟ್ಟಿಗೆ ಬಡಿಯುವ ಹೊತ್ತಿಗೆ ಅದು ತೆಂಗಿನ ಮರದ ಹಿಂದಿನ ಸೂರ್ಯಾಸ್ತವನ್ನು ಬಹಳ ಸುಂದರವಾಗಿ ಹಿಡಿಯುತ್ತಿತ್ತು.

ಎರಡನೇ ಕ್ಯಾಮರಾ ವೇದಿಕೆಯತ್ತ ತಿರುಗಿತ್ತು. ತಡವಾಗಿ ಬಂದ ಮುಖ್ಯ ಅತಿಥಿಗಳಿಗೆ ಸರಿಯಾಗಿ ಅದೇ ಕ್ಷಣದಲ್ಲಿ ಮೈಸೂರು ಪೇಟ ತೊಡಿಸಲಾಗುತ್ತಿತ್ತು. ಪೇಟ ಗೆರೆ ದಾಟಿ ಕಿವಿಯವರೆಗೆ ಇಳಿದದ್ದು ಎಲ್ಲರಿಗೂ ಸ್ಪಷ್ಟವಾಗಿ ಕಂಡಿತು.

ಮೂರನೆಯದು ಗೋಲಿನ ಹಿಂದಿನದು. ಇದರಲ್ಲಿ ಸಿಕ್ಕೇ ಸಿಗುತ್ತದೆ ಎಂದು ಜನ ಉಸಿರು ಬಿಗಿಹಿಡಿದರು. ಒದೆ ಬಿತ್ತು, ಚೆಂಡು ಬಂತು, ಪಟ್ಟಿಗೆ ಬಡಿಯಿತು, ಚಿತ್ರ ಸರ್ರನೆ ಮುಂದಕ್ಕೆ ಜಿಗಿದು ತೇಜಸ್‌ನ ಮುಖ ಪರದೆಯ ತುಂಬ ತುಂಬಿಕೊಂಡಿತು. ಮೂಗಿನ ಮೇಲಿನ ಬೆವರಹನಿ ಸಹ ಕಾಣುತ್ತಿತ್ತು. ಚೆಂಡು, ಗೆರೆ, ನೆಲ, ಮೂರೂ ಮಾಯ.

"ಏನೋ ಇದು?" ಎಂದು ಹರೀಶ ಕಿರುಚಿದ್ದು ಡಿಜೆಯ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

"ಅಣ್ಣಾ, ಎಕ್ಸ್‌ಪ್ರೆಶನ್ ಸಕ್ಕತ್ತಾಗ್ ಬಂತು ಅಂತ ಕ್ಲೋಸಪ್ಪಿಗೆ ಹೋದೆ" ಎಂದ ಕ್ಯಾಮರಾದವನು. ಪಾಪ, ತಾಳಿ ಕಟ್ಟುವಾಗ ಹೆಣ್ಣಿನ ಮುಖ ಬಿಟ್ಟು ಗಂಟು ತೋರಿಸಿದರೆ ಬೈಸಿಕೊಳ್ಳುವ ವೃತ್ತಿ ಅವನದು.

ಹರೀಶ ಮೈಕನ್ನು ಕೈಯಲ್ಲಿ ಮುಚ್ಚಿ ಹೇಳಿದ; ಮುಚ್ಚಿದ್ದು ಸಾಲದೆ ಎಲ್ಲರಿಗೂ ಕೇಳಿಸಿತು. "ಸಾರ್, ಎವಿಡೆನ್ಸ್ ಇಲ್ಲ. ಗೋಲ್ ಕ್ಯಾನ್ಸಲ್ ಮಾಡ್ಬಿಡಿ."

"ಎವಿಡೆನ್ಸ್ ಇಲ್ಲ ಅಂದ್ರೆ ನಾನ್ ಊದಿದ್ದೇ ನಿಲ್ಲತ್ತೆ" ಎಂದರು ಇವರು.

"ಸಾರ್, ನಮ್ಮೂರ್ ಕಪ್ಪು ಸಾರ್. ಜನ ಸುಮ್ನಿರಲ್ಲ. ಆಮೇಲೆ ನಾನ್ ಜವಾಬ್ದಾರಿ ಅಲ್ಲ."

ಜನ ಹಗ್ಗ ದಾಟಿ ಒಳಗೆ ಬರತೊಡಗಿದ್ದರು. ಲಗ್ಗೆರೆಯ ಹುಡುಗರು ಒಬ್ಬರ ಬೆನ್ನಿಗೊಬ್ಬರು ಒತ್ತಿ ನಿಂತರು. ಅವರ ಟೆಂಪೋದವನು ಯಾಕಿದ್ದೀತೆಂದು ಗಾಡಿ ಸ್ಟಾರ್ಟ್ ಮಾಡಿಟ್ಟುಕೊಂಡ. ಕಪ್ಪು ಅಂಗಿಯ ನನ್ನ ಗಂಡ ಆ ಗುಂಪಿನ ನಡುವೆ ಎಷ್ಟು ಚಿಕ್ಕವರಾಗಿ ಕಂಡರೆಂದರೆ, ಇಸ್ತ್ರಿ ಮಾಡಿದ ಆ ಕಾಲರೊಂದೇ ನನಗೆ ಗುರುತು ಸಿಕ್ಕಿತು. ಇಷ್ಟು ಹೊತ್ತೂ ಎಲ್ಲರನ್ನೂ ಹಂಗಿಸುತ್ತಿದ್ದವಳು ಮೆತ್ತಗೆ ಕುರ್ಚಿಯಲ್ಲಿ ಕೂತುಬಿಟ್ಟೆ.

ಎಲ್‌ಇಡಿ ವಾಲಿನ ಮೇಲೆ ತೇಜಸ್‌ನ ಮುಖ ಹಾಗೆಯೇ ನಿಂತಿತ್ತು. ಗಾಬರಿಯಲ್ಲಿ ಅದನ್ನು ತೆಗೆಯಲು ಯಾರಿಗೂ ಹೊಳೆದಿರಲಿಲ್ಲ. ಭಾಗ್ಯ ಅದನ್ನೇ ಎವೆಯಿಕ್ಕದೆ ನೋಡುತ್ತಿದ್ದಳು.

"ಅಕ್ಕಾ," ಎಂದಳು ಮೆಲ್ಲಗೆ, "ಇವನು ಸುಳ್ಳು ಹೇಳ್ತಾ ಇದಾನೆ."

"ಯಾರು?"

"ನನ್ ಮಗ. ಆ ಮುಖ ನೋಡಿ. ಕೆಳತುಟಿ ಒಳಗೆ ಎಳ್ಕೊಂಡಿದಾನೆ ನೋಡಿ. ಸಕ್ಕರೆ ಡಬ್ಬಕ್ಕೆ ಕೈ ಹಾಕಿಲ್ಲ ಅನ್ನೋವಾಗ್ಲೂ ಇದೇ ಮುಖ, ಪಿಯುಸಿಲಿ ಫೇಲಾಗಿ ಪಾಸ್ ಅಂದಾಗ್ಲೂ ಇದೇ ಮುಖ."

ನಾನು ಏನಾದರೂ ಹೇಳುವ ಮೊದಲೇ ಅವಳು ಮೈಸೂರ್ ಪಾಕಿನ ಡಬ್ಬವನ್ನು ನನ್ನ ಮಡಿಲಿಗೆ ಹಾಕಿ, ಸೀರೆ ನೆರಿಗೆ ಎತ್ತಿ ಹಿಡಿದು, ಹಗ್ಗದಡಿ ನುಗ್ಗಿ ಮೈದಾನದೊಳಗೆ ನಡೆದಳು. ಹರೀಶನ ಅಕ್ಕ ಎಂದು ಜನ ದಾರಿ ಬಿಟ್ಟರು. ಗೋಲಿನ ಮುಂದೆ ನಿಂತಿದ್ದ ಮಗನ ಎದುರು ಹೋಗಿ ನಿಂತಳು. ಅವನು ಅವಳಿಗಿಂತ ಒಂದು ಮೊಳ ಎತ್ತರ.

"ತೇಜೂ. ನನ್ ಮುಖ ನೋಡಿ ಹೇಳು. ಒಳಗ್ ಹೋಗಿತ್ತಾ?"

"ಅಮ್ಮಾ, ನೀನ್ ಯಾಕ್ ಬಂದೆ ಇಲ್ಲಿಗೆ? ಹೋಗಮ್ಮ!"

"ಕೇಳಿದ್ದಕ್ ಹೇಳು. ಹೋಗಿತ್ತಾ?"

ಅವನು ತಂಡದವರನ್ನು ನೋಡಿದ. ಮಾವನನ್ನು ನೋಡಿದ. ಆಮೇಲೆ ಗ್ಲೌಸು ಬಿಚ್ಚುತ್ತ, ನೆಲ ನೋಡಿಕೊಂಡು, "ಹ್ಞೂಂ. ಪೂರ್ತಿ ಹೋಗಿತ್ತು" ಎಂದ.

ಗಲಾಟೆ ಒಮ್ಮೆಲೇ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಜನ ಅವನನ್ನು ಬೈದರು, ಉಳಿದರ್ಧ ಅವನ ತಾಯಿಯನ್ನು. "ಕ್ಯಾಮರಾ ತಂದಿದ್ದು ನಾನು, ಕಪ್ ಕಳ್ದಿದ್ದು ನೀನು" ಎಂದ ಹರೀಶ. "ಕ್ಯಾಮರಾ ತಂದೋನು ನೀನಲ್ವಾ, ಅದರಲ್ಲಿ ಕಂಡಿದ್ದನ್ನೇ ಹೇಳ್ದೆ" ಎಂದಳು ಅಕ್ಕ. ಆದರೆ ಹೊಡೆಯಲು ಬಂದವರಿಗೆ ಈಗ ಯಾರನ್ನು ಹೊಡೆಯಬೇಕೆಂದು ತಿಳಿಯಲಿಲ್ಲ. ಅಷ್ಟು ಗೊಂದಲ ಸಾಕಾಯಿತು, ಗುಂಪು ಕರಗಿತು. ಪೇಟ ಸರಿಮಾಡಿಕೊಳ್ಳುತ್ತ ಮುಖ್ಯ ಅತಿಥಿಗಳು ಲಗ್ಗೆರೆಯವರಿಗೆ ಕಪ್ಪು ಕೊಟ್ಟರು. ಮೂರೂ ಕ್ಯಾಮರಾ ಅದನ್ನು ಬಹಳ ಚೆನ್ನಾಗಿ ಹಿಡಿದವು.

ಆ ಹರೀಶನಿಗೆ ಬುದ್ಧಿ ಬಂತೆಂದುಕೊಂಡಿರಾ? ಹೊರಡುವಾಗ ಗೇಟಿನ ಬಳಿ ಸಿಕ್ಕಿ, "ಮುಂದಿನ ವರ್ಷ ಗೋಲ್ ಲೈನಿಗೇ ಒಂದು ಕ್ಯಾಮರಾ ಹಾಕಿಸ್ತೀನಿ ಸಾರ್, ಹೆಂಗಸರ ಕುರ್ಚಿ ಆ ಕಡೆ ತುದಿಗೆ ಹಾಕಿಸ್ತೀನಿ" ಎಂದ. ಇವರು ತಲೆಯಾಡಿಸಿ ಸ್ಕೂಟರ್ ಹತ್ತಿದರು.

ನಾನು ಹಿಂದೆ ಕೂತೆ. ಗೆದ್ದ ಉಬ್ಬಿನಲ್ಲಿ ನನ್ನ ಬಾಯಿಗೆ ಬಿಡುವಿರಲಿಲ್ಲ. ಕುರುಡ ಅಂದವರ ಕಣ್ಣಿಗೆ ಮಣ್ಣು ಬಿತ್ತು, ಮೂರು ಕ್ಯಾಮರಾಗೆ ಕಾಣದ್ದು ಈ ಕಣ್ಣಿಗೆ ಕಂಡಿತು, ನಾಳೆ ಬೀದಿಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತೇನೆ ಎಂದೆಲ್ಲ ಹೇಳಿಕೊಂಡು ಬಂದೆ. ವಿಜಯನಗರದ ಹತ್ತಿರ ಸಿಗ್ನಲ್ಲಿಗೆ ನಿಂತಾಗ, "ಅಷ್ಟು ದೂರದಿಂದ ಅಷ್ಟು ಸರಿಯಾಗಿ ಹೆಂಗ್ರೀ ಕಾಣಿಸ್ತು ನಿಮಗೆ?" ಎಂದು ಕೇಳಿದೆ.

"ಕಾಣಿಸ್ಲಿಲ್ಲ ಕಣೇ."

ಪಕ್ಕದ ಆಟೋದ ಸದ್ದಿನಲ್ಲಿ ತಪ್ಪು ಕೇಳಿಸಿತೆಂದುಕೊಂಡೆ. "ಏನು?"

"ಪಟ್ಟಿಗೆ ಬಡಿದಿದ್ದು ಕೇಳಿಸ್ತು. ಆಮೇಲೆ ಬಿಸಿಲು. ಬರೀ ಬೆಳ್ಳಗೆ."

"ಮತ್ತೆ ಯಾಕ್ ಊದಿದ್ರಿ?"

"ಎಲ್ಲ ನನ್ ಮುಖಾನೇ ನೋಡ್ತಾ ನಿಂತಿದ್ರಲ್ಲ. ಯಾರಾದ್ರೂ ಒಬ್ರು ಹೇಳ್ಬೇಕಲ್ವಾ."

"ಹೋಗಿರ್ಲಿಲ್ಲ ಅಂತಾಗಿದ್ರೆ?"

"ಬೈಸ್ಕೊಳ್ತಿದ್ದೆ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ದೀಪ ಹಸಿರಾಗಿ ಆಗಲೇ ಹೊತ್ತಾಗಿತ್ತು. ಇವರು ಅದನ್ನೇ ದಿಟ್ಟಿಸುತ್ತಿದ್ದರು, ಆದರೆ ಹೊರಟಿರಲಿಲ್ಲ. ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು, ಅವರ ಭುಜ ಮುಟ್ಟಿ, "ಪಕ್ಕಕ್ ತಗೊಂಡು ಇಳೀರಿ. ನಾನ್ ಓಡಿಸ್ತೀನಿ" ಎಂದೆ.

ಉಪ್ಪಿನ ವಿಷಯದಲ್ಲೂ ಸೋಲದ ಮನುಷ್ಯ, ಇಳಿದು ಹಿಂದೆ ಕೂತರು. ಎರಡೂ ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡದ್ದು ನನಗೆ ಕನ್ನಡಿಯಲ್ಲಿ ಕಂಡಿತು.

ನಮ್ಮ ರಸ್ತೆಗೆ ತಿರುಗಿದೆ. ಬೀದಿದೀಪಗಳು ಆಗಷ್ಟೇ ಹೊತ್ತಿಕೊಳ್ಳುತ್ತಿದ್ದವು.

"ನಿಧಾನ," ಎಂದರು ಹಿಂದಿನಿಂದ, ಮೈದಾನದ ಅದೇ ದನಿಯಲ್ಲಿ. "ಮುಂದೆ ಹಂಪ್ ಇದೆ."

ಇರಲಿಲ್ಲ. ಬ್ರೇಕ್ ಹಿಡಿದು ನಿಧಾನ ಮಾಡಿದೆ.